ಮನೆಯ ಧ್ವನಿವರ್ಧಕ: ಬಸವಕಲ್ಯಾಣ–ಹುಮನಾಬಾದ ಪ್ರದೇಶದ ಶ್ರವಣಸಾಧನಗಳ ಚರಿತ್ರೆಗೆ ಒಂದು ಪೀಠಿಕೆ

೧

ಚರಿತ್ರೆಯೆಂದರೆ ಅರಸುಮನೆತನಗಳ ಏಳುಬೀಳು, ಯುದ್ಧ, ದಾನಶಾಸನ ಇವಿಷ್ಟೇ ಅಲ್ಲ. ಜನರು ದಿನದ ದುಡಿಮೆ ಮುಗಿಸಿದ ಮೇಲೆ ಮನೆಯೊಳಗೆ ಕುಳಿತು ಏನನ್ನು ಕೇಳುತ್ತಿದ್ದರು, ಯಾವ ಸಾಧನದಿಂದ ಕೇಳುತ್ತಿದ್ದರು, ಆ ಸಾಧನವು ಅವರ ಬಳಿ ಎಷ್ಟು ಕಾಲ ನಿಂತಿತು ಎಂಬ ಪ್ರಶ್ನೆಗಳೂ ಚರಿತ್ರೆಯ ವ್ಯಾಪ್ತಿಗೆ ಸೇರಿದವೇ. ಪ್ರಕೃತ ಲೇಖನದಲ್ಲಿ ಜನರು ಸಾಮಾನ್ಯವಾಗಿ ಆಂಪ್ಲಿಫೈಯರ್ ಎಂದು ಕರೆಯುವ, ಕ್ಷೀಣವಾದ ವಿದ್ಯುತ್ಸಂಜ್ಞೆಯನ್ನು ಹಿಗ್ಗಿಸಿ ಸ್ಪೀಕರಿಗೆ ಒಪ್ಪಿಸುವ ಯಂತ್ರವನ್ನು ಕುರಿತು ವಿಚಾರಮಾಡಲು ಉದ್ದೇಶಿಸಿದ್ದೇವೆ. ಸಭೆ ಜಾತ್ರೆಗಳ ಧ್ವನಿವರ್ಧಕವು ನಮ್ಮ ವಿಷಯವಲ್ಲ, ಮನೆಯದು ಮಾತ್ರ. ಸಾಧಾರಣ ಆದಾಯದ ಒಂದು ಕುಟುಂಬವು ಕೊಳ್ಳಬಲ್ಲ, ಕೊಂಡ ಮೇಲೆ ಮತ್ತೆ ಬದಲಾಯಿಸಬೇಕಾಗದೆ ಬಾಳಿನುದ್ದಕ್ಕೂ ಇಟ್ಟುಕೊಳ್ಳಬಲ್ಲ ಯಂತ್ರವು ಎಂದಾದರೂ ಇದ್ದಿತೆ, ಇದ್ದಿದ್ದರೆ ಅದನ್ನು ಹಾಗೆ ಉಳಿಸಿದ ಕಾರಣಗಳಾವುವು ಎಂಬುದೇ ನಮ್ಮ ಪ್ರಶ್ನೆ.

ಈ ಪ್ರಶ್ನೆಗೆ ಬೀದರ ಜಿಲ್ಲೆಯ ಈ ಎರಡು ಊರುಗಳನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು (ಆಳ್ವಿಕೆ ೧೧೨೬–೧೧೩೮) ತನ್ನ ಮಾನಸೋಲ್ಲಾಸದಲ್ಲಿ ಗೀತ, ವಾದ್ಯ, ನೃತ್ಯಗಳನ್ನು ರಾಜನ ವಿನೋದಗಳ ಸಾಲಿನಲ್ಲಿ ಸೇರಿಸಿ ವಿಸ್ತಾರವಾಗಿ ನಿರೂಪಿಸಿದ್ದಾನೆ. ಅವನ ಮಗ ಜಗದೇಕಮಲ್ಲನು ಸಂಗೀತಚೂಡಾಮಣಿಯನ್ನು ರಚಿಸಿದನು. ಅದೇ ಕಲ್ಯಾಣವು ಅನಂತರ ಶರಣರ ವಚನಗಳಿಗೆ ನೆಲೆಯಾಯಿತು. ೧೮೧೭ರಲ್ಲಿ ಕಲ್ಯಾಣಕ್ಕೆ ಸಮೀಪದ ಲಾಡವಂತಿಯಲ್ಲಿ ಜನಿಸಿದ ಮಾಣಿಕಪ್ರಭುಗಳು ಹುಮನಾಬಾದಕ್ಕೆ ಹೊಂದಿಕೊಂಡಿರುವ ಮಾಣಿಕನಗರದಲ್ಲಿ ನೆಲಸಿ, ೧೮೬೫ರಲ್ಲಿ ಸಮಾಧಿಸ್ಥರಾದರು. ಅವರೂ ಪದಗಳನ್ನು ರಚಿಸಿದವರು. ಅವರ ಸಂಸ್ಥಾನದಲ್ಲಿ ದತ್ತಜಯಂತಿಯ ಸಂಗೀತ ದರಬಾರು ಇಂದಿಗೂ ನಡೆದುಬಂದಿದೆ. ಹೀಗೆ ಒಳ್ಳೆಯ ಗಾಯನವನ್ನು ಕೇಳುವ ಅಭ್ಯಾಸವು ಈ ನೆಲಕ್ಕೆ ಹೊಸದಲ್ಲ. ಆದರೆ ಸೋಮೇಶ್ವರನ ಗ್ರಂಥದಲ್ಲಿ ಅದು ಅರಸನ ವಿನೋದ. ದರಬಾರಿನಲ್ಲಿ ಅದು ವರ್ಷದ ಕೆಲವು ರಾತ್ರಿಗಳ ಭಾಗ್ಯ. ಮನೆಯಲ್ಲಿ, ಬೇಕೆಂದಾಗ, ಸಾಮಾನ್ಯನು ಕೇಳುವುದಕ್ಕೆ ಯಂತ್ರವು ಬರಬೇಕಾಯಿತು.

೨

ಮೊದಲು ಬಂದ ಯಂತ್ರಕ್ಕೆ ವರ್ಧಕವೇ ಇರಲಿಲ್ಲವೆಂಬುದನ್ನು ಗಮನಿಸಬೇಕು. ೧೯೦೨ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಮೊದಲಾದವರ ಗಾಯನವನ್ನು ಮುದ್ರಿಸಿಕೊಂಡ ಕಾಲದಿಂದ ಈ ದೇಶದಲ್ಲಿ ಪ್ರಚಾರಕ್ಕೆ ಬಂದ ಗ್ರಾಮೋಫೋನು ಕೀಲಿ ಕೊಟ್ಟರೆ ತಿರುಗುತ್ತಿದ್ದ, ಸೂಜಿಯ ಕಂಪನವನ್ನು ಕಹಳೆಯೊಂದರಿಂದಲೇ ದೊಡ್ಡದು ಮಾಡುತ್ತಿದ್ದ ಸಾಧನ. ವಿದ್ಯುತ್ತಿಲ್ಲದ ಊರಿನಲ್ಲಿಯೂ ಅದು ನಡೆಯುತ್ತಿತ್ತು. ಸ್ಪ್ರಿಂಗು ಮುರಿದರೆ ಗಡಿಯಾರ ರಿಪೇರಿಯವನ ಕೈಚಳಕವೇ ಅದಕ್ಕೂ ಸಾಕಾಗುತ್ತಿತ್ತು. ಅದರ ದೋಷವೆಂದರೆ ದನಿಯನ್ನು ಏರಿಸುವ ಇಳಿಸುವ ಸ್ವಾತಂತ್ರ್ಯವು ಕೇಳುವವನಿಗೆ ಇರಲಿಲ್ಲ. ಮಂದ್ರದ ಸ್ವರಗಳೂ ತಂಬೂರಿಯ ನಾದವೂ ಬಹುಮಟ್ಟಿಗೆ ಕಳೆದುಹೋಗುತ್ತಿದ್ದವು.

ಲೀ ಡಿ ಫಾರೆಸ್ಟನು ೧೯೦೬ರಲ್ಲಿ ನಿರ್ಮಿಸಿದ ಮೂರು ವಿದ್ಯುದ್ವಾರಗಳ ವಾಲ್ವು ಈ ಸ್ಥಿತಿಯನ್ನು ಬದಲಿಸಿತು. ೧೯೨೫ರಿಂದ ಧ್ವನಿಮುದ್ರಣವೂ ವಿದ್ಯುತ್ತಿನ ಮೂಲಕವೇ ನಡೆಯತೊಡಗಿತು. ಆದರೆ ನಾವು ಹೇಳುತ್ತಿರುವ ಪ್ರದೇಶಕ್ಕೆ ವಾಲ್ವು ಪ್ರವೇಶಿಸಿದ್ದು ಪ್ರತ್ಯೇಕ ಆಂಪ್ಲಿಫೈಯರಿನ ರೂಪದಲ್ಲಿ ಅಲ್ಲ, ರೇಡಿಯೊ ಪೆಟ್ಟಿಗೆಯ ರೂಪದಲ್ಲಿ. ಆಗ ಈ ಭಾಗವು ನಿಜಾಮನ ಹೈದರಾಬಾದು ಸಂಸ್ಥಾನದಲ್ಲಿತ್ತು. ಹೈದರಾಬಾದಿನ ಡೆಕ್ಕನ್ ರೇಡಿಯೊ ೧೯೩೫ರಲ್ಲಿ ನಿಜಾಮ ಸರ್ಕಾರದ ವಶವಾಯಿತು. ೧೯೫೦ರಲ್ಲಿ ಆಕಾಶವಾಣಿಯಲ್ಲಿ ಲೀನವಾಯಿತು. ಅದೇ ವರ್ಷ ಧಾರವಾಡ ಕೇಂದ್ರವು ಪ್ರಾರಂಭವಾಯಿತು. ೧೯೫೬ರ ನವೆಂಬರ್ ೧ರಂದು ಬೀದರವು ಮೈಸೂರು ರಾಜ್ಯಕ್ಕೆ ಸೇರಿತು. ೧೯೫೭ರಲ್ಲಿ ವಿವಿಧ ಭಾರತಿಯೂ, ೧೯೬೬ರಲ್ಲಿ ಗುಲ್ಬರ್ಗಾ ಕೇಂದ್ರವೂ ಬಂದವು. ಉರ್ದು, ಮರಾಠಿ, ತೆಲುಗು, ಕನ್ನಡ ನಾಲ್ಕನ್ನೂ ದಿನಬಳಕೆಯಲ್ಲಿ ಕೇಳುವ ಈ ಗಡಿನಾಡಿನ ಶ್ರೋತೃವಿಗೆ ಒಂದೇ ಪೆಟ್ಟಿಗೆಯ ಮುಳ್ಳನ್ನು ತಿರುಗಿಸಿದರೆ ಹೈದರಾಬಾದು, ಧಾರವಾಡ, ಪುಣೆ ಎಲ್ಲವೂ ಒದಗುವಂತಾದುದು ಸಣ್ಣ ಮಾತಲ್ಲ.

ಆ ಕಾಲದ ಅನೇಕ ವಾಲ್ವು ರೇಡಿಯೊಗಳ ಬೆನ್ನಿನ ಮೇಲೆ ಎರಡು ಸಣ್ಣ ರಂಧ್ರಗಳಿರುತ್ತಿದ್ದವು. ಗ್ರಾಮೋಫೋನಿನ ಪಿಕಪ್ಪಿನ ತಂತಿಯನ್ನು ಅಲ್ಲಿ ಸಿಕ್ಕಿಸಿದರೆ ರೇಡಿಯೊದ ಕೊನೆಯ ಘಟ್ಟವೇ ಆಂಪ್ಲಿಫೈಯರಾಗಿ ಕೆಲಸಮಾಡುತ್ತಿತ್ತು. ಪ್ರತ್ಯೇಕ ಯಂತ್ರವನ್ನು ಕೊಳ್ಳಲಾರದ ಮನೆಗೆ ಇದೇ ಮೊದಲನೆಯ ಕೈಗೆಟಕುವ ಧ್ವನಿವರ್ಧಕವೆಂದು ನಮ್ಮ ಅಭಿಪ್ರಾಯ. ಅದರ ಸಾಮರ್ಥ್ಯ ಎಷ್ಟೆಂದರೆ, ಇಎಲ್ ೮೪ ಎಂಬ ಒಂದೇ ವಾಲ್ವಿನಿಂದ ದೊರೆಯುತ್ತಿದ್ದುದು ಸುಮಾರು ೫ ವ್ಯಾಟ್. ಇಂದಿನ ಜಾಹೀರಾತುಗಳ ಸಾವಿರ ವ್ಯಾಟುಗಳನ್ನು ಕಂಡವರಿಗೆ ಇದು ನಗೆಗೀಡಾಗಿ ತೋರಬಹುದು. ಆದರೆ ವ್ಯಾಟು ಇಮ್ಮಡಿಯಾದರೆ ಧ್ವನಿಯ ಮಟ್ಟವು ಏರುವುದು ಕೇವಲ ೩ ಡೆಸಿಬೆಲ್. ಕಿವಿಗೆ ಎರಡರಷ್ಟು ದೊಡ್ಡದೆನಿಸಬೇಕಾದರೆ ವ್ಯಾಟು ಹತ್ತರಷ್ಟಾಗಬೇಕು. ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ ೯೦ ಡೆಸಿಬೆಲ್ ಕೊಡಬಲ್ಲ ಸ್ಪೀಕರು ಜೊತೆಗಿದ್ದರೆ, ನಡುಮನೆಯಲ್ಲಿ ಕೇಳಲು ಒಂದೆರಡು ವ್ಯಾಟುಗಳೇ ಧಾರಾಳ. ಉಳಿದುದು ತಾರಸ್ಥಾಯಿಯ ಏರುತಾನಕ್ಕೂ ತಬಲೆಯ ಪೆಟ್ಟಿಗೂ ಬೇಕಾದ ಮೀಸಲು ಬಲ. ಆದಕಾರಣ ವ್ಯಾಟುಗಳ ಸಂಖ್ಯೆಯಿಂದ ಯಂತ್ರದ ಯೋಗ್ಯತೆಯನ್ನು ಅಳೆಯುವುದು ಚರಿತ್ರೆಯ ದೃಷ್ಟಿಯಿಂದಲೂ ಶಾಸ್ತ್ರದ ದೃಷ್ಟಿಯಿಂದಲೂ ಸರಿಯಾಗಲಾರದು.

೩

ಇಲ್ಲಿ ಹೊರಜಗತ್ತಿನ ಕೆಲವು ಘಟನೆಗಳನ್ನು ಸಂಕ್ಷೇಪವಾಗಿ ಹೇಳಬೇಕು. ೧೯೨೭ರಲ್ಲಿ ಹೆರಾಲ್ಡ್ ಬ್ಲಾಕ್ ಎಂಬ ಅಮೆರಿಕದ ಇಂಜಿನಿಯರನು ವರ್ಧಿಸಿದ ಸಂಜ್ಞೆಯ ಒಂದಂಶವನ್ನು ವಿರುದ್ಧ ದಿಕ್ಕಿನಲ್ಲಿ ಮರಳಿ ಆರಂಭಕ್ಕೆ ಕೊಟ್ಟು ವಿಕೃತಿಯನ್ನು ತಗ್ಗಿಸುವ ಉಪಾಯವನ್ನು ಕಂಡುಹಿಡಿದನು. ಇದನ್ನಾಧರಿಸಿ ಡಿ. ಟಿ. ಎನ್. ವಿಲಿಯಂಸನ್ ೧೯೪೭ರಲ್ಲಿ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ೧೫ ವ್ಯಾಟಿನ ವರ್ಧಕವೊಂದರ ನಕ್ಷೆಯನ್ನು ಪ್ರಕಟಿಸಿದನು. ಅದರ ವಿಕೃತಿ ಶೇಕಡಾ ೦.೧ಕ್ಕಿಂತ ಕಡಿಮೆ. ೧೯೫೪ರಲ್ಲಿ ಮಲ್ಲಾರ್ಡ್ ಕಂಪನಿಯು ಐದು ವಾಲ್ವುಗಳಿಂದ ಹತ್ತು ವ್ಯಾಟು ಕೊಡುವ 'ಐದು–ಹತ್ತು' ಎಂಬ ನಕ್ಷೆಯನ್ನು ಹವ್ಯಾಸಿಗಳಿಗಾಗಿ ಹೊರತಂದಿತು. ೧೯೬೯ರಲ್ಲಿ ಜಾನ್ ಲಿನ್‌ಸ್ಲಿ ಹುಡ್ ಅದೇ ವೈರ್‌ಲೆಸ್ ವರ್ಲ್ಡಿನಲ್ಲಿ, ಪ್ರತಿ ಪಾರ್ಶ್ವಕ್ಕೆ ನಾಲ್ಕೇ ಟ್ರಾನ್ಸಿಸ್ಟರುಗಳಿಂದ ಹತ್ತು ವ್ಯಾಟು ಕೊಡುವ ಸರಳ ವರ್ಧಕವನ್ನು ವಿವರಿಸಿದನು. ೧೯೭೦ರ ದಶಕದ ಕೊನೆಯಲ್ಲಿ ಬಂದ ಎನ್‌ಎಡಿ ೩೦೨೦ ಎಂಬ ೨೦ ವ್ಯಾಟಿನ ಯಂತ್ರವು ಅಲ್ಪ ಬೆಲೆಗೂ ಒಳ್ಳೆಯ ಧ್ವನಿಗೂ ವಿರೋಧವಿಲ್ಲವೆಂದು ಪಾಶ್ಚಾತ್ಯ ದೇಶಗಳಲ್ಲಿ ತೋರಿಸಿಕೊಟ್ಟಿತು.

ಈ ನಕ್ಷೆಗಳಲ್ಲಿ ಹೆಚ್ಚಿನವಕ್ಕೆ ಸಮಾನವಾದ ಒಂದು ಗುಣವಿದೆ: ಅವು ರಹಸ್ಯಗಳಾಗಿರಲಿಲ್ಲ. ಪತ್ರಿಕೆಯಲ್ಲಿಯೂ ಪುಸ್ತಕದಲ್ಲಿಯೂ ಅಚ್ಚಾಗಿ ಯಾರ ಕೈಗೆ ಬೇಕಾದರೂ ಸಿಕ್ಕುವಂತಿದ್ದವು. ಮುಂದೆ ನಾವು ಹೇಳಲಿರುವ ಮಾತಿಗೆ ಇದು ಮುಖ್ಯವಾದ ಆಧಾರ.

ಭಾರತದಲ್ಲಿ ೧೯೯೧ರವರೆಗೂ ವಿದೇಶೀ ಯಂತ್ರಗಳ ಆಮದಿಗೆ ನಿರ್ಬಂಧಗಳೂ ಭಾರಿ ಸುಂಕವೂ ಇದ್ದವು. ಎನ್‌ಎಡಿಯಂತಹ ಯಂತ್ರವು ಹುಮನಾಬಾದದ ಶಿಕ್ಷಕನ ಮನೆಗೆ ಬರುವ ಸಂಭವವೇ ಇರಲಿಲ್ಲವೆನ್ನಬೇಕು. ಆದರೆ ಬಿಡಿಭಾಗಗಳು ದೇಶದಲ್ಲಿಯೇ ಸಿದ್ಧವಾಗುತ್ತಿದ್ದವು. ೧೯೫೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಕ್ರಮೇಣ ವಾಲ್ವುಗಳನ್ನೂ ಟ್ರಾನ್ಸಿಸ್ಟರುಗಳನ್ನೂ ತಯಾರಿಸಿತು. ಈ ಪ್ರದೇಶಕ್ಕೆ ಸಮೀಪದ ದೊಡ್ಡ ಪೇಟೆಯೆಂದರೆ ಹೈದರಾಬಾದು. ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯು ಹುಮನಾಬಾದದ ಮೂಲಕವೇ ಹಾದುಹೋಗುತ್ತದೆ. ಕೋಠಿಯ ಗುಜರಾತಿ ಗಲ್ಲಿಯಲ್ಲಿ ಇಂದಿಗೂ ಟ್ರಾನ್ಸ್‌ಫಾರ್ಮರು, ಬೋರ್ಡು, ಸ್ಪೀಕರುಗಳನ್ನು ಬಿಡಿಯಾಗಿ ಕೊಳ್ಳಬಹುದು. ನಕ್ಷೆಯು ಬಹಿರಂಗ, ಬಿಡಿಭಾಗಗಳು ಒಂದು ದಿನದ ಬಸ್ಸಿನ ಪ್ರಯಾಣದಲ್ಲಿ ಲಭ್ಯ, ಬೆಸುಗೆ ಹಾಕಬಲ್ಲ ರೇಡಿಯೊ ಮೆಕ್ಯಾನಿಕನು ಊರಿನಲ್ಲಿಯೇ ಇದ್ದಾನೆ: ಈ ಮೂರೂ ಕೂಡಿದಲ್ಲಿ 'ಅಸೆಂಬಲ್ಡ್' ಎಂದು ಕರೆಯಲ್ಪಡುವ, ಯಾವ ಕಂಪನಿಯ ಹೆಸರೂ ಇಲ್ಲದ ಆಂಪ್ಲಿಫೈಯರು ಹುಟ್ಟಿಕೊಂಡಿತು. ಸಣ್ಣ ಊರುಗಳ ಶ್ರವಣಚರಿತ್ರೆಯಲ್ಲಿ ಇದರ ಸ್ಥಾನವು ಅತ್ಯಂತ ಮಹತ್ತರವಾದುದು. ಆದರೆ ಹೆಸರಿಲ್ಲದುದರಿಂದಲೇ ಯಾವ ದಾಖಲೆಯಲ್ಲಿಯೂ ಅದು ಸೇರಲಿಲ್ಲ.

೪

ದಾಖಲೆಯಿಲ್ಲದ ವಸ್ತುವಿನ ಕಾಲನಿರ್ಣಯ ಹೇಗೆ? ಶಾಸನಗಳನ್ನು ಓದಿ ಅಭ್ಯಾಸವಾದ ನಮ್ಮ ವಿದ್ಯಾರ್ಥಿಗಳಿಗೆ ಇದು ಕಠಿನವಾಗಬಾರದು. ರೇಡಿಯೊ ಇಟ್ಟುಕೊಳ್ಳಲು ಒಂದು ಕಾಲದಲ್ಲಿ ಲೈಸೆನ್ಸು ಬೇಕಾಗಿತ್ತು; ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಪುಸ್ತಕದಲ್ಲಿ ಗುರುತು ಹಾಕಿಸಿಕೊಳ್ಳಬೇಕಾಗಿತ್ತು. ಈ ಪದ್ಧತಿಯು ೧೯೮೦ರ ದಶಕದಲ್ಲಿ ರದ್ದಾಯಿತು. ಹಳೆಯ ಪೆಟ್ಟಿಗೆಗಳಲ್ಲಿ ಇಂತಹ ಪುಸ್ತಕಗಳು ಸಿಕ್ಕರೆ ಅವು ತಾರೀಖು ಸಹಿತವಾದ ಪ್ರಥಮ ದರ್ಜೆಯ ಆಧಾರಗಳು. ಎರಡನೆಯದಾಗಿ, ಅನೇಕ ಕೆಪಾಸಿಟರುಗಳ ಮೈಮೇಲೆ ತಯಾರಾದ ಕಾಲವು ಸಂಕೇತರೂಪದಲ್ಲಿ ಅಚ್ಚಾಗಿರುತ್ತದೆ. ಆ ಯಂತ್ರವು ಅದಕ್ಕಿಂತ ಹಿಂದಿನದಾಗಿರಲಾರದು, ಅಥವಾ ಆ ಭಾಗವು ಆಮೇಲೆ ಬದಲಾದುದು. ಮೂರನೆಯದಾಗಿ, ಬೆಸುಗೆಯ ರೀತಿ. ಒಂದೇ ಕೈಯ ಬೆಸುಗೆಯ ನಡುವೆ ಬೇರೊಂದು ಕೈಯ ಬೆಸುಗೆ ಕಂಡರೆ ಅದು ಜೀರ್ಣೋದ್ಧಾರದ ಸಾಕ್ಷಿ. ದೇವಾಲಯದ ಗೋಡೆಯಲ್ಲಿ ಬೇರೆ ಕಲ್ಲು ಕಂಡಂತೆ.

ಹುಮನಾಬಾದದ ಒಂದು ಮನೆಯಲ್ಲಿ ನಾವು ತೆರೆಸಿ ನೋಡಿದ ಯಂತ್ರವು ಇದಕ್ಕೆ ನಿದರ್ಶನ. ತೇಗದ ಹಲಗೆಯ ಪೆಟ್ಟಿಗೆ. ಒಳಗೆ ಕೈತುಂಬುವಷ್ಟು ತೂಕದ ಟ್ರಾನ್ಸ್‌ಫಾರ್ಮರು. ಅಗಲವಾದ ಅಲ್ಯೂಮಿನಿಯಂ ಹೀಟ್ ಸಿಂಕಿನ ಮೇಲೆ ಪ್ರತಿ ಪಾರ್ಶ್ವಕ್ಕೆ ಎರಡರಂತೆ ೨ಎನ್೩೦೫೫ ಎಂಬ ಟ್ರಾನ್ಸಿಸ್ಟರುಗಳು. ಮೂಲ ಕೆಪಾಸಿಟರುಗಳಲ್ಲಿ ಎರಡನ್ನು ಒಮ್ಮೆ, ಉಳಿದವನ್ನು ಇನ್ನೊಮ್ಮೆ ಬದಲಾಯಿಸಲಾಗಿದೆ. ವಾಲ್ಯೂಮ್ ಕಂಟ್ರೋಲು ಮೂರನೆಯದೋ ನಾಲ್ಕನೆಯದೋ ಇರಬೇಕು. ಅದಕ್ಕಾಗಿ ಮುಂಫಲಕದ ರಂಧ್ರವನ್ನು ಅಗಲಿಸಿರುವುದು ಕಾಣುತ್ತದೆ. ಒಂದು ಟ್ರಾನ್ಸಿಸ್ಟರು ಬೇರೆ ತಯಾರಕನದು. ಆದರೆ ಟ್ರಾನ್ಸ್‌ಫಾರ್ಮರು, ಹೀಟ್ ಸಿಂಕು, ಪೆಟ್ಟಿಗೆ ಇವು ಮೂಲದವೇ. ಮನೆಯ ಹಿರಿಯರು "ಇದು ಎಂದೂ ಕೆಟ್ಟಿಲ್ಲ" ಎಂದರು. ಯಂತ್ರದ ಸಾಕ್ಷ್ಯವು ಹಾಗೆ ಹೇಳುವುದಿಲ್ಲ. ಅದು ನಾಲ್ಕಾರು ಬಾರಿ ಕೆಟ್ಟಿದೆ, ಪ್ರತಿಸಾರಿಯೂ ಸರಿಯಾಗಿದೆ. ಬಾಳಿಕೆಯೆಂದರೆ ಕೆಡದಿರುವಿಕೆ ಎಂದು ನಾವು ತಿಳಿಯುವುದುಂಟು. ಆದರೆ ಸರಿಪಡಿಸಲು ಸಾಧ್ಯವಾಗಿರುವುದೇ ನಿಜವಾದ ಬಾಳಿಕೆ.

ಬಸವಕಲ್ಯಾಣದವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಅಲ್ಲಿಯ ಆಟೋನಗರವು ಲಾರಿಗಳ ವ್ಯವಹಾರಕ್ಕೆ ಹೆಸರಾದುದು. ಬಿಚ್ಚಲು ಬಾರದ ಇಂಜಿನ್ನನ್ನು ಅಲ್ಲಿಯ ಮೇಸ್ತ್ರಿಗಳು ಒಳ್ಳೆಯದೆಂದು ಕರೆಯಲಾರರು.

೫

ಹಾಗಾದರೆ ಯಾವ ಭಾಗವು ಮೊದಲು ಕೆಡುತ್ತದೆ, ಏಕೆ ಕೆಡುತ್ತದೆ ಎಂಬುದನ್ನು ನೋಡೋಣ. ಮೆಕ್ಯಾನಿಕರು ಈಗಲೂ ಕಂಡೆನ್ಸರ್ ಎಂದೇ ಕರೆಯುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನೊಳಗೆ ದ್ರವವಿರುತ್ತದೆ. ಅದು ಕಾಲಕ್ರಮದಲ್ಲಿ ಒಣಗುತ್ತದೆ. ಸಾಧಾರಣ ಜಾತಿಯದಕ್ಕೆ ೮೫ ಡಿಗ್ರಿ ಸೆಂಟಿಗ್ರೇಡಿನಲ್ಲಿ ೨೦೦೦ ಗಂಟೆಗಳ ಆಯುಸ್ಸು ಎಂದು ತಯಾರಕರು ಹೇಳುತ್ತಾರೆ. ಉಷ್ಣತೆಯು ೧೦ ಡಿಗ್ರಿ ಇಳಿದಂತೆಲ್ಲ ಆಯುಸ್ಸು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆದ್ದರಿಂದ ಪೆಟ್ಟಿಗೆಯೊಳಗಿನ ಉಷ್ಣತೆ ೬೫ ಡಿಗ್ರಿಯಿದ್ದರೆ ೮೦೦೦ ಗಂಟೆ. ದಿನಕ್ಕೆ ೩ ಗಂಟೆಯಂತೆ ಕೇಳಿದರೆ ಏಳು ವರ್ಷಗಳಿಗೆ ಸ್ವಲ್ಪ ಹೆಚ್ಚು. ಗಾಳಿಯಾಡುವ ಪೆಟ್ಟಿಗೆಯಲ್ಲಿ ಅದನ್ನು ೪೫ ಡಿಗ್ರಿಗೆ ಇಳಿಸಿದರೆ ೩೨,೦೦೦ ಗಂಟೆ, ಎಂದರೆ ಇಪ್ಪತ್ತೊಂಬತ್ತು ವರ್ಷ. ಬೇಸಿಗೆಯಲ್ಲಿ ಹೊರಗಿನ ಗಾಳಿಯೇ ೪೦ ಡಿಗ್ರಿ ದಾಟುವ ಈ ಸೀಮೆಯಲ್ಲಿ ಹೀಟ್ ಸಿಂಕಿನ ಅಗಲವೂ ಪೆಟ್ಟಿಗೆಯ ಗವಾಕ್ಷಿಗಳೂ ಎಷ್ಟು ಮುಖ್ಯವೆಂಬುದು ಇದರಿಂದ ವಿದಿತವಾಗುತ್ತದೆ. ಯಂತ್ರದ ಮೇಲೆ ಕಸೂತಿಯ ಬಟ್ಟೆ ಹೊದಿಸಿ ಅಂದಗಾಣಿಸುತ್ತಿದ್ದ ಗೃಹಿಣಿಯರು ಧೂಳಿನಿಂದ ಅದನ್ನು ಕಾಪಾಡಿದರು, ನಿಜ. ನುಡಿಸುವಾಗಲೂ ಬಟ್ಟೆ ತೆಗೆಯದಿದ್ದಲ್ಲಿ ಅದೇ ಅದರ ಆಯುಸ್ಸನ್ನು ಮೊಟಕುಮಾಡಿತು.

ಕೆಪಾಸಿಟರಿನ ಬೆಲೆ ಅಲ್ಪ, ಬದಲಾಯಿಸುವುದು ಸುಲಭ. ವಾಲ್ಯೂಮ್ ಕಂಟ್ರೋಲು ಕರಕರವೆಂದರೆ ಅದನ್ನೂ ಬದಲಾಯಿಸಬಹುದು. ಟ್ರಾನ್ಸ್‌ಫಾರ್ಮರು ಸುಟ್ಟರೆ ಮೋಟಾರು ಸುತ್ತುವವನಿಂದ ಮತ್ತೆ ತಂತಿ ಸುತ್ತಿಸಬಹುದು. ತೊಡಕು ಬಂದುದು ಬೇರೊಂದು ಕಡೆಯಿಂದ. ಇಡೀ ಆಂಪ್ಲಿಫೈಯರನ್ನು ಒಂದೇ ತುಂಡಿನಲ್ಲಿ ಅಡಗಿಸಿದ ಐಸಿಗಳೂ ಹೈಬ್ರಿಡ್ ಮಾಡ್ಯೂಲುಗಳೂ ೧೯೭೦ರ ದಶಕದಿಂದ ಬರತೊಡಗಿದವು. ಇವು ಅಗ್ಗ, ಜೋಡಿಸಲು ಸರಳ. ಟಿಡಿಎ ೨೦೩೦ರಂತಹ ಬಹುಪ್ರಚಾರದ ಐಸಿಯಾದರೆ ಸಣ್ಣ ಅಂಗಡಿಯಲ್ಲಿಯೂ ಸಿಕ್ಕುತ್ತಿತ್ತು. ಆದರೆ ಒಂದೇ ಕಂಪನಿಯು ತಯಾರಿಸುವ ಮಾಡ್ಯೂಲು ನಿಂತುಹೋದರೆ ಅದನ್ನು ನಂಬಿದ ಯಂತ್ರವೆಲ್ಲವೂ ಒಮ್ಮೆಗೇ ಅನಾಥವಾಗುತ್ತದೆ.

ಇದನ್ನು ನಾವು ಸ್ವಾನುಭವದಿಂದಲೇ ಹೇಳಬಲ್ಲೆವು. ಬಹಳ ವರ್ಷಗಳ ಹಿಂದೆ ಮಿಣುಗುವ ದೀಪಗಳ ಮುಂಫಲಕಕ್ಕೆ ಮರುಳಾಗಿ, ತಿಂಗಳ ಕಂತಿನಲ್ಲಿ ನಾವೂ ಒಂದು ಸಂಗೀತಯಂತ್ರವನ್ನು ಕೊಂಡೆವು. ಆರನೆಯ ವರ್ಷ ಅದು ಮೌನವಾಯಿತು. ಅದರ ಮಾಡ್ಯೂಲು ಆಗಲೇ ತಯಾರಿಕೆಯಲ್ಲಿರಲಿಲ್ಲ. ಅದೇ ಹೆಸರಿನ ನಕಲಿಯೊಂದನ್ನು ತರಿಸಿ ಹಾಕಿಸಿದೆವು. ಅದು ಒಂದು ವಾರ ಉಳಿಯಲಿಲ್ಲ. ಕೊನೆಗೆ ಪೆಟ್ಟಿಗೆಯನ್ನು ಹಳೆ ಸಾಮಾನಿನವನಿಗೆ ತೂಕಕ್ಕೆ ಕೊಟ್ಟೆವು. ಅದರ ಬೆಲೆಗಿಂತಲೂ ನಮ್ಮನ್ನು ನೋಯಿಸಿದ್ದೆಂದರೆ, ನಮ್ಮ ತಂದೆಯವರು ಮನೆಯಲ್ಲಿ ಭಜನೆಯ ದಿನ ಹಾಡಿದ್ದ ಕ್ಯಾಸೆಟ್ಟುಗಳು ಅನಂತರ ಅನೇಕ ವರ್ಷ ಕಪಾಟಿನಲ್ಲಿ ಮೂಕವಾಗಿ ಕುಳಿತುದು. ಕೇಳಲು ಹೊಸ ಸಾಧನವು ಒದಗಿದಾಗ ಅವುಗಳಲ್ಲಿ ಎರಡರ ಟೇಪು ಬೂಸಲು ಹಿಡಿದಿತ್ತು.

ಈಗಿನ ಡಿ ವರ್ಗದ ವರ್ಧಕಗಳನ್ನು ಕುರಿತೂ ನ್ಯಾಯವಾಗಿ ಒಂದು ಮಾತು ಹೇಳಬೇಕು. ಅವು ಪಡೆದ ವಿದ್ಯುತ್ತಿನ ಶೇಕಡಾ ೯೦ರಷ್ಟನ್ನು ಸ್ಪೀಕರಿಗೆ ಮುಟ್ಟಿಸಬಲ್ಲವು; ಬಿಸಿಯಾಗುವುದು ಕಡಿಮೆ; ಬೆಲೆಯೂ ಕಡಿಮೆ; ಧ್ವನಿಯಲ್ಲಿ ದೋಷವೆಣಿಸುವುದು ಸುಲಭವಲ್ಲ. ಆದರೆ ಸಾಸಿವೆಯಷ್ಟು ಸಣ್ಣ ಭಾಗಗಳನ್ನು ಬೋರ್ಡಿನ ಮೇಲೆಯೇ ಅಂಟಿಸಿರುವುದರಿಂದ ಊರಿನ ಮೆಕ್ಯಾನಿಕನ ಸಾಮಾನ್ಯ ಬೆಸುಗೆಯ ಸಲಾಕಿಗೆ ಅವು ದಕ್ಕುವುದಿಲ್ಲ. ಬೋರ್ಡನ್ನೇ ಬದಲಾಯಿಸಬೇಕು. ಬೋರ್ಡು ಅಗ್ಗವೂ ಸುಲಭಲಭ್ಯವೂ ಆಗಿರುವವರೆಗೆ ಇದು ತೊಂದರೆಯಲ್ಲ. ಪೆಟ್ಟಿಗೆ, ವಿದ್ಯುತ್ ಪೂರೈಕೆ, ಸ್ಪೀಕರುಗಳು ಉಳಿದು ಒಳಗಿನ ಬೋರ್ಡು ಮಾತ್ರ ಬದಲಾದರೆ ಅದನ್ನೂ ಜೀರ್ಣೋದ್ಧಾರವೆಂದೇ ಕರೆಯಬಹುದು. ಎಲ್ಲವನ್ನೂ ಒಂದೇ ಮುಚ್ಚಿದ ಪೆಟ್ಟಿಗೆಯಲ್ಲಿ ಅಂಟು ಹಾಕಿ ಮಾರಿದಾಗ ಮಾತ್ರ ಈ ದಾರಿಯೂ ಮುಚ್ಚುತ್ತದೆ.

ಇನ್ನು ಬೆಲೆಯ ವಿಚಾರ. ಉದಾಹರಣೆಗೆಂದು ಲೆಕ್ಕ ಹಾಕೋಣ: ೩,೦೦೦ ರೂಪಾಯಿಯ ಯಂತ್ರವು ಐದು ವರ್ಷ ನಡೆದರೆ ವರ್ಷಕ್ಕೆ ೬೦೦ ರೂಪಾಯಿ. ೬,೦೦೦ ರೂಪಾಯಿಯದು ಮೂವತ್ತು ವರ್ಷ ನಡೆದು, ನಡುವೆ ರಿಪೇರಿಗೆ ೩,೦೦೦ ತಗುಲಿದರೂ ವರ್ಷಕ್ಕೆ ೩೦೦. ಆದರೆ ಎರಡನೆಯದನ್ನು ಕೊಳ್ಳಲು ೬,೦೦೦ ರೂಪಾಯಿ ಒಟ್ಟಿಗೆ ಕೈಯಲ್ಲಿರಬೇಕು. ಅಷ್ಟಿಲ್ಲದವನು ಅಗ್ಗದ್ದನ್ನೇ ಮತ್ತೆ ಮತ್ತೆ ಕೊಂಡು ಹೆಚ್ಚು ತೆರುತ್ತಾನೆ. ಬಡವನಿಗೆ ಬಾಳಿಕೆಯ ವಸ್ತುವೇ ದುರ್ಲಭವಾಗುವ ಈ ವಿಪರ್ಯಾಸವನ್ನು ಸ್ವಲ್ಪಮಟ್ಟಿಗೆ ನೀಗಿಸಿದುದೇ ಊರಿನ ಅಸೆಂಬಲ್ಡ್ ಯಂತ್ರ. ಅದನ್ನು ತುಂಡುತುಂಡಾಗಿ ಕೊಳ್ಳಬಹುದಾಗಿತ್ತು: ಈ ದೀಪಾವಳಿಗೆ ಟ್ರಾನ್ಸ್‌ಫಾರ್ಮರು, ಯುಗಾದಿಗೆ ಸ್ಪೀಕರು.

೬

ಈ ಚರ್ಚೆಯಿಂದ ಹೊರಡುವ ಅಭಿಪ್ರಾಯವನ್ನು ಹೀಗೆ ಸಂಗ್ರಹಿಸಬಹುದು. ಶಾಶ್ವತವಾಗಿ ಇಟ್ಟುಕೊಳ್ಳಲು ಯೋಗ್ಯವಾದ ಧ್ವನಿವರ್ಧಕವು ಅತಿ ಬೆಲೆಯದೂ ಅಲ್ಲ, ಅತಿ ಬಲದ್ದೂ ಅಲ್ಲ. ಅದರ ನಕ್ಷೆ ತಿಳಿದಿರಬೇಕು. ಅದರ ಭಾಗಗಳು ಒಬ್ಬನೇ ತಯಾರಕನ ಕೃಪೆಯನ್ನು ಅವಲಂಬಿಸಿರಬಾರದು. ಟ್ರಾನ್ಸ್‌ಫಾರ್ಮರು, ಹೀಟ್ ಸಿಂಕುಗಳಲ್ಲಿ ಜಿಪುಣತನ ಮಾಡಿರಬಾರದು. ಪೆಟ್ಟಿಗೆಯು ಸ್ಕ್ರೂ ತಿರುಗಿಸಿದರೆ ತೆರೆಯುವಂತಿರಬೇಕು. ಇವೆಲ್ಲವೂ ಇದ್ದು, ಅದನ್ನು ತೆರೆಯಬಲ್ಲ ಮನುಷ್ಯನು ಊರಿನಲ್ಲಿ ಇಲ್ಲದಿದ್ದರೆ ಪ್ರಯೋಜನವಿಲ್ಲ. ಎಂದರೆ ಯಂತ್ರದ ಬಾಳಿಕೆಯು ಯಂತ್ರದಲ್ಲಿ ಮಾತ್ರ ಇರುವುದಲ್ಲ; ಅದು ಊರಿನ ಕಸುಬಿನಲ್ಲಿಯೂ ಇದೆ. ರೇಡಿಯೊ ರಿಪೇರಿಯ ಅಂಗಡಿಗಳು ಮೊಬೈಲ್ ಅಂಗಡಿಗಳಾಗಿ ಮಾರ್ಪಡುತ್ತಿರುವ ಈ ದಿನಗಳಲ್ಲಿ ಈ ಮಾತನ್ನು ಗಂಭೀರವಾಗಿ ಪರಿಗಣಿಸಬೇಕಾಗಿದೆ.

ಟ್ರಾನ್ಸಿಸ್ಟರು ಬಂದ ಮೇಲೆ ವಾಲ್ವು ಪೆಟ್ಟಿಗೆಗಳು ತಾಮ್ರದ ತೂಕಕ್ಕೆ ಮಾರಾಟವಾದವು. ಅವುಗಳ ಜೊತೆಗೆ ಲೈಸೆನ್ಸು ಪುಸ್ತಕಗಳೂ ರಸೀದಿಗಳೂ ಹೋದವು. ಈಗ ಅಸೆಂಬಲ್ಡ್ ಯಂತ್ರಗಳ ಸರದಿ. ಒಂದು ಯಂತ್ರವು ಗುಜರಿಗೆ ಸೇರಿದಾಗ ಹೋಗುವುದು ಲೋಹವೊಂದೇ ಅಲ್ಲ. ಅದು ನುಡಿಸುತ್ತಿದ್ದ ಪ್ಲೇಟುಗಳು, ಮನೆಮಂದಿಯ ಕಂಠದಲ್ಲಿ ಉಳಿದ ವಚನ, ಪ್ರಭುಗಳ ಪದ, ಮೊಹರಮ್ಮಿನ ಹಾಡುಗಳ ಕ್ಯಾಸೆಟ್ಟುಗಳೂ ಅದರೊಡನೆ ಮೌನವಾಗುತ್ತವೆ. ಇವುಗಳಿಗೆ ಬೇರೆ ಪ್ರತಿಯಿಲ್ಲ.

ಆದಕಾರಣ ಈ ಭಾಗದ ಕಾಲೇಜುಗಳ ಅಧ್ಯಾಪಕ ಮಿತ್ರರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನಮ್ಮ ವಿಜ್ಞಾಪನೆಯಿಷ್ಟೆ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಅಟ್ಟದ ಮೇಲಿರುವ ಹಳೆಯ ಪೆಟ್ಟಿಗೆಯನ್ನು ಇಳಿಸಿರಿ. ಕೂಡಲೆ ವಿದ್ಯುತ್ತಿಗೆ ಸಿಕ್ಕಿಸಬೇಡಿರಿ. ದೀರ್ಘಕಾಲ ಸುಮ್ಮನಿದ್ದ ಕೆಪಾಸಿಟರುಗಳು ಸಿಡಿಯಬಹುದು, ವಾಲ್ವು ಸೆಟ್ಟಿನೊಳಗಿನ ವಿದ್ಯುತ್ತು ಪ್ರಾಣಾಪಾಯಕಾರಿ. ಮೊದಲು ಬಲ್ಲ ಮೆಕ್ಯಾನಿಕನಿಗೆ ತೋರಿಸಿ, ಅವನು ಹೇಳಿದುದನ್ನೆಲ್ಲ ಬರೆದುಕೊಳ್ಳಿರಿ. ಭಾಗಗಳ ಮೇಲಿನ ಅಕ್ಷರಗಳನ್ನು ಶಾಸನದಂತೆ ಪ್ರತಿಮಾಡಿಕೊಳ್ಳಿರಿ. ಆಮೇಲೆ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅದರಲ್ಲಿ ಅವರು ಮೊದಲು ಕೇಳಿದ್ದು ಏನನ್ನು ಎಂದು ವಿಚಾರಿಸಿರಿ. ಈ ಪೀಠಿಕೆಯಲ್ಲಿ ನಮ್ಮಿಂದ ಬರೆಯಲಾಗದೆ ಉಳಿದ ಚರಿತ್ರೆಯು ಆ ಉತ್ತರಗಳಲ್ಲಿದೆ.